ನಮ್ಮ ಮಾಮನ ಕಂಪ್ಯೂಟರ್ ವಿಭಾಗ

ನಿಮ್ಮ ಅಂಗಳದಲ್ಲಿ ಹಲಸಿನ ಹಣ್ಣು ಇದ್ದರೆ ದಯವಿಟ್ಟು ಗೋಣಿ ಮುಚ್ಚಿಡಿ, ನಮ್ಮ ಮಾಮ ಆ ದಾರಿಯಲ್ಲಿ ಬರುವವರಿದ್ದಾರೆ! ಅವರು ಕದಿಯುವ ಜನ ಅಲ್ಲ, ತಿನ್ನುವ ಆಸೆಯೂ ಇಲ್ಲ. ಅಷ್ಟೇ ಆಗಿದ್ದರೆ ನಾಲ್ಕು ತೊಳೆ ಕೊಟ್ಟು ಕಳಿಸಬಹುದಿತ್ತು. ಮಾಮ ಹಣ್ಣಿನ ಮುಂದೆ ಕುಕ್ಕರುಗಾಲಿನಲ್ಲಿ ಕುಳಿತು ಅದನ್ನು ತಟ್ಟಿ, ಕಿವಿಗೊಟ್ಟು ಕೇಳಿ, ಆಮೇಲೆ ನಿಮ್ಮ ಕಡೆ ತಿರುಗಿ, ಮನೆಯಲ್ಲಿ ಹತ್ತನೇ ಕ್ಲಾಸು ಮುಗಿಸಿದ ಮಕ್ಕಳು ಇದ್ದಾರಾ ಎಂದು ವಿಚಾರಿಸುತ್ತಾರೆ. ಇದ್ದಾರೆ ಎಂದಿರೋ, ನಿಮ್ಮ ಆ ಮಧ್ಯಾಹ್ನದ ನಿದ್ದೆ ಹೋಯಿತೆಂದೇ ತಿಳಿಯಿರಿ.

ಮಾಮ ಎಂದರೆ ನನ್ನ ಉಮ್ಮನ ತಮ್ಮ. ಹೆಸರು ಹೇಳುವುದಿಲ್ಲ. ಹೇಳಿದರೆ ಅದನ್ನೇ ಒಂದು ಉದಾಹರಣೆ ಮಾಡಿಕೊಂಡು ನನಗೆ ಪಾಠ ಶುರು ಮಾಡುತ್ತಾರೆ. ಬಹಳ ವರ್ಷ ಗಲ್ಫಿನಲ್ಲಿದ್ದರು. ಅಲ್ಲಿನ ಒಂದು ದೊಡ್ಡ ವಿಮಾನ ನಿಲ್ದಾಣದಲ್ಲಿ ಪ್ರಯಾಣಿಕರ ಬ್ಯಾಗುಗಳು ದಾರಿ ತಪ್ಪದ ಹಾಗೆ ನೋಡಿಕೊಳ್ಳುವ ಕಂಪ್ಯೂಟರ್ ಕೆಲಸ. ಗಲ್ಫಿನಿಂದ ಬಂದವರು ಏನು ಮಾಡಬೇಕು? ರಸ್ತೆ ಬದಿಯಲ್ಲಿ ಎರಡು ಮಹಡಿಯ ಮನೆ ಕಟ್ಟಬೇಕು, ಬಿ.ಸಿ. ರೋಡಿನಲ್ಲಿ ಅಂಗಡಿ ಹಾಕಬೇಕು, ಸಂಬಂಧಿಕರಿಗೆಲ್ಲ ಅತ್ತರು ಹಂಚಬೇಕು. ಮಾಮ ಪೆಟ್ಟಿಗೆ ತುಂಬ ವಯರು ತಂದರು! "ಅತ್ತರು ಎಲ್ಲಿ ಮಾಮ?" ಎಂದು ನಾನು ಕೇಳಿದರೆ, "ಇದು ಸೆನ್ಸರ್, ಮೋಳೇ, ಅತ್ತರಿಗಿಂತ ಒಳ್ಳೆಯದು" ಎಂದು ಒಂದು ಸಣ್ಣ ಡಬ್ಬಿ ಕೈಗೆ ಕೊಟ್ಟರು. ಮೂಸಿ ನೋಡಿದೆ. ಸುಟ್ಟ ಪ್ಲಾಸ್ಟಿಕ್ಕಿನ ವಾಸನೆ.

ಹೀಗೆ ಬಂದವರು ನಮ್ಮ ಮನೆಯಲ್ಲೇ ಉಳಿದುಕೊಂಡು, ವಾಮದಪದವಿಗೂ ವೇಣೂರಿಗೂ ನಡುವೆ ಇರುವ ಒಂದು ಸಣ್ಣ ಪಿಯು ಕಾಲೇಜಿನಲ್ಲಿ ಕಂಪ್ಯೂಟರ್ ಸಯನ್ಸ್ ಮಾಷ್ಟ್ರಾದರು. ಸಂಬಂಧಿಕರು ತಲೆ ಚಚ್ಚಿಕೊಂಡರು. ಮಾಮ ಮಾತ್ರ ಸೀಮೆಸುಣ್ಣದ ಧೂಳು ಮೈಗೆ ಮೆತ್ತಿಕೊಂಡು, ಹೊಸ ಮದುಮಗನ ಹಾಗೆ ನಗುತ್ತ ಮನೆಗೆ ಬರುತ್ತಿದ್ದರು.

ಆದರೆ ಕಾಲೇಜಿನ ಆಡಳಿತ ಮಂಡಳಿಗೆ ನಗು ಬರಲಿಲ್ಲ. ಕಂಪ್ಯೂಟರ್ ಸಯನ್ಸಿಗೆ ಸೇರುವವರೇ ಇಲ್ಲ. ಮುಂದಿನ ಜೂನಿನಲ್ಲಿ ಹದಿನೈದು ಮಂದಿಯಾದರೂ ಆಗದಿದ್ದರೆ ವಿಭಾಗ ಮುಚ್ಚುವುದು, ಆ ಕೋಣೆಯಲ್ಲಿ ವಾಲಿಬಾಲ್ ನೆಟ್ಟು ಮತ್ತು ಕೇರಂ ಬೋರ್ಡು ಇಡುವುದು ಎಂದು ತೀರ್ಮಾನವಾಯಿತು. ಮುಚ್ಚಿದರೆ ಏನಾಗುತ್ತದೆ ಎಂದು ಊರಿಗೆಲ್ಲ ಗೊತ್ತಿತ್ತು. ಗಂಡು ಹುಡುಗರು ಎರಡು ಬಸ್ಸು ಹಿಡಿದು ಮೂಡುಬಿದಿರೆಗೋ ಬಂಟ್ವಾಳಕ್ಕೋ ಹೋಗಿ ಕಲಿಯುತ್ತಾರೆ. ಹೆಣ್ಣು ಮಕ್ಕಳ ಮನೆಯವರು "ಅಷ್ಟು ದೂರ ಯಾಕೆ, ಇಲ್ಲಿ ಇರುವುದನ್ನೇ ಕಲಿತರೆ ಸಾಕು" ಅನ್ನುತ್ತಾರೆ. ಅಲ್ಲಿಗೆ ಅವರ ಕಂಪ್ಯೂಟರು ಮುಗಿಯಿತು.

"ಹದಿನೈದು ಆಗ್ತದೆ," ಎಂದರು ಮಾಮ. "ಆಗದೆ ಎಲ್ಲಿ ಹೋಗ್ತದೆ?"

ಅವರ ಮುಖ ನೋಡಿದ್ದೇ ನಾನು ಸ್ಕೂಟರಿನ ಕೀಲಿ ಅಡಗಿಸಲು ಜಾಗ ಹುಡುಕಿದೆ. ಯಾಕೆಂದರೆ ಮಾಮನಿಗೆ ಸ್ಕೂಟರ್ ಬಿಡಲು ಬರುವುದಿಲ್ಲ, ನನಗೆ ಬರುತ್ತದೆ! ನಾನು ಹೈಸ್ಕೂಲಿನಲ್ಲಿ ಕನ್ನಡ ಕಲಿಸುವವಳು. ಬೇಸಿಗೆ ರಜೆಗೆ ತವರಿಗೆ ಬಂದು ಹೊಟ್ಟೆ ತುಂಬ ಅಕ್ಕಿಯ ಪತ್ತಿರಿ ತಿಂದು ಫ್ಯಾನಿನ ಅಡಿಯಲ್ಲಿ ಮಲಗುವ ದೊಡ್ಡ ಯೋಜನೆ ಹಾಕಿಕೊಂಡಿದ್ದೆ. ರಜೆ ಪೂರ್ತಿ ಮಾಮನನ್ನು ಹಿಂದೆ ಕೂರಿಸಿಕೊಂಡು, ಹತ್ತನೇ ಪಾಸಾದವರ ಮನೆ ಎಲ್ಲೆಲ್ಲಿ ಉಂಟೋ ಅಲ್ಲೆಲ್ಲ ಸುತ್ತಿದೆ. ವೋಟು ಕೇಳುವವರು ಕೂಡ ಇಷ್ಟು ಮನೆ ಹತ್ತಿಳಿಯುವುದಿಲ್ಲ.

ಮೊದಲು ಹೋದದ್ದು ವಾಮದಪದವಿನ ಆಚೆ ಒಬ್ಬ ಕೃಷಿಕರ ಮನೆಗೆ. ಅಲ್ಲಿ ಮಗನ ವಿಷಯ ಎತ್ತುವ ಸ್ಥಿತಿಯೇ ಇರಲಿಲ್ಲ. ತೋಡಿನಿಂದ ಗುಡ್ಡದ ಮೇಲಿನ ಟ್ಯಾಂಕಿಗೆ ನೀರು ಹೋಗುವ ಪೈಪಿನಲ್ಲಿ ಎಲ್ಲೋ ಏನೋ ಸಿಕ್ಕಿಹಾಕಿಕೊಂಡಿತ್ತು. ಪೈಪು ಮಣ್ಣಿನಡಿ. ಮನೆಯವರು ಕೆಳಗಿನ ತುದಿಯಿಂದ ಅಗೆಯುತ್ತ ಅಗೆಯುತ್ತ ಒಂದೊಂದೇ ಜಾಯಿಂಟ್ ಬಿಚ್ಚಿ ನೋಡುತ್ತಿದ್ದರು. ಬೆವರು ಸುರಿಯುತ್ತಿತ್ತು, ಬಾಯಲ್ಲಿ ತುಳುವಿನ ಉತ್ತಮೋತ್ತಮ ಬೈಗುಳ ಬರುತ್ತಿತ್ತು.

ಮಾಮ ಪ್ಯಾಂಟು ಮಡಚಿದರು. "ಅಲ್ಲಿ ಅಗೆಯಬೇಡಿ. ನಡುವಿಗೆ ಹೋಗಿ."

"ಇಂದೆಂಚಿನ ಮಾಷ್ಟ್ರೇ, ಇದೆಂಥ ಮಾತು?" ಎಂದರು ಕೃಷಿಕರು. "ಕೆಳಗೆ ಇಷ್ಟು ಅಗೆದದ್ದು ದಂಡವಾ?"

"ನಡುವಿನ ಜಾಯಿಂಟ್ ಬಿಚ್ಚಿ ಪಂಪು ಹಾಕಿ. ಅಲ್ಲಿಗೆ ನೀರು ಬಂದರೆ ಕೆಳಗಿನ ಅರ್ಧ ಸರಿ ಉಂಟು ಅಂತ ಆಯಿತು. ಮತ್ತೆ ಮೇಲಿನ ಅರ್ಧದ ನಡುವಿಗೆ ಹೋಗುವ. ಹೀಗೆ ಅರ್ಧರ್ಧ ಬಿಟ್ಟುಕೊಂಡು ಹೋದರೆ ಬೇಗ ಸಿಕ್ಕುತ್ತದೆ. ಕ್ರಮವಾಗಿ ಜೋಡಿಸಿದ ರಾಶಿ ಹೆಸರಿನಲ್ಲಿ ಒಂದು ಹೆಸರು ಹುಡುಕುವಾಗ ಕಂಪ್ಯೂಟರು ಮಾಡುವುದು ಇದನ್ನೇ!"

ನಡುವಿನ ಜಾಯಿಂಟ್ ಬಿಚ್ಚಿದರು. ನೀರು ಬಂತು, ನೇರ ಮಾಮನ ಮುಖಕ್ಕೆ. ಮೇಲಿನ ಅರ್ಧದ ನಡು ಬಿಚ್ಚಿದರು, ಅಲ್ಲಿ ನೀರಿಲ್ಲ. ಚಹಾ ಕುದಿಯುವಷ್ಟರಲ್ಲಿ ಪೈಪಿನೊಳಗಿಂದ ಒಂದು ದಪ್ಪ ಏಡಿಯೂ ಒಂದು ಮುಷ್ಟಿ ಬೇರೂ ಹೊರಗೆ ಬಂದವು. ಎಲ್ಲರೂ ಚಪ್ಪಾಳೆ ತಟ್ಟಿದರು. ಒದ್ದೆ ಮುದ್ದೆಯಾದ ಮಾಮ ಮುಖದ ನೀರು ಒರೆಸಿಕೊಂಡು ಕೇಳಿದರು, "ಈಗ ಹೇಳಿ, ಮಗನನ್ನು ಸೇರಿಸ್ತೀರಾ?"

ಕೃಷಿಕರು ಬಹಳ ಗೌರವದಿಂದ ಕೈಮುಗಿದರು. "ಖಂಡಿತ ಮಾಷ್ಟ್ರೇ. ಪ್ಲಂಬಿಂಗಿನಲ್ಲಿ ಇಷ್ಟು ವಿದ್ಯೆ ಉಂಟೂಂತ ಗೊತ್ತೇ ಇರಲಿಲ್ಲ. ನಾಳೆಯೇ ಪ್ಲಂಬಿಂಗಿಗೆ ಸೇರಿಸ್ತೇನೆ!"

ವಾಪಸು ಬರುವಾಗ ಮಾಮ ಸ್ಕೂಟರಿನ ಹಿಂದೆ ಕುಳಿತು ಒದ್ದೆ ಪ್ಯಾಂಟು ಹಿಂಡುತ್ತಿದ್ದರು. ನನಗೆ ಪಾಪ ಅನ್ನಿಸಿ "ಬಿಡಿ ಮಾಮ" ಎಂದೆ. "ಬಿಡುವುದಾ? ಅವರು ಪ್ಲಂಬಿಂಗ್ ಅಂದರೂ ಹುಡುಗನ ಕಣ್ಣು ನೋಡಿದೆಯಾ ನೀನು?" ಎಂದರು. ಆ ಹುಡುಗ ವಾರದೊಳಗೆ ಅಪ್ಪನ ಜೊತೆ ಜಗಳ ಮಾಡಿ ಬಂದು ಸೇರಿದ. ಮಾಮ ಅಂದು ರಾತ್ರಿಯ ಊಟಕ್ಕೆ ಏಡಿ ಮುಟ್ಟಲಿಲ್ಲ, ಅದು ಪುಣ್ಯದ ಪ್ರಾಣಿಯಂತೆ!

ಆಮೇಲೆ ಕಾಲೇಜಿನಲ್ಲಿ ಹೆತ್ತವರ ಸಭೆ. "ಕಂಪ್ಯೂಟರ್ ಅಂದರೆ ಟೈಪಿಂಗ್ ಅಲ್ವಾ ಮಾಷ್ಟ್ರೇ? ಅದಕ್ಕೆ ಎರಡು ವರ್ಷ ಯಾಕೆ?" ಎಂದು ಒಬ್ಬರು ಕೇಳಿದ್ದೇ ತಡ, ಮಾಮ ಕಟ್ಟೆಯೊಡೆದ ತೋಡಾದರು. ಮಾಸಿಹೋದ ತಾಳೆಗರಿಯ ಅಕ್ಷರವನ್ನು ಬೇರೆ ಬೇರೆ ಬೆಳಕಿನಲ್ಲಿ ಫೋಟೋ ತೆಗೆದು ಕಂಪ್ಯೂಟರಿನಿಂದ ಓದಬಹುದು. ತೆಂಗಿನ ಕಾಂಡದೊಳಗೆ ಹುಳ ಕೊರೆಯುವ ಸದ್ದು ಮನುಷ್ಯರ ಕಿವಿಗೆ ಕೇಳದಿದ್ದರೂ ಅದಕ್ಕೆ ಕೇಳಿಸುತ್ತದೆ. ಕಂಬಳದಲ್ಲಿ ಯಾವ ಜೋಡಿ ಕೋಣ ಕೂದಲೆಳೆಯಲ್ಲಿ ಮುಂದೆ ಎಂಬ ಜಗಳವನ್ನು ಸೆನ್ಸರ್ ತೀರಿಸುತ್ತದೆ. ಕಂಬಳ ಅಂದಾಗ ಹಿಂದಿನ ಸಾಲಿನವರೂ ಎಚ್ಚರಾದರು.

ಅಷ್ಟರಲ್ಲಿ ವೇಣೂರು ಕಡೆಯ ಒಬ್ಬ ಅಜ್ಜ ಎದ್ದು ನಿಂತರು. ಮೊಮ್ಮಗಳಿಗಾಗಿ ಬಂದವರು. "ಅದೆಲ್ಲ ಇರಲಿ. ಹಲಸು ಹಣ್ಣಾಯಿತಾ ಇಲ್ವಾ ಅಂತ ನಿಮ್ಮ ಯಂತ್ರ ಹೇಳ್ತದಾ?"

ಸಭೆ ನಕ್ಕಿತು. ಮಾಮ ನಗಲಿಲ್ಲ. ಮಾಮ ನಗದಿದ್ದರೆ ನನಗೆ ಪೆಟ್ರೋಲಿನ ಚಿಂತೆ ಶುರುವಾಗುತ್ತದೆ.

"ಹೇಳ್ತದೆ," ಎಂದರು. "ಹಲಸು ತಟ್ಟಿದಾಗ ಕಾಯಿಗೆ ಒಂದು ಶಬ್ದ, ಹಣ್ಣಿಗೆ ಒಂದು ಶಬ್ದ. ಕೆಲವು ನೂರು ಹಲಸಿನ ಶಬ್ದ ಕೇಳಿಸಿದರೆ ಕಂಪ್ಯೂಟರು ತಾನೇ ಕಲಿಯುತ್ತದೆ."

ಕೆಲವು ನೂರು ಹಲಸು! ಮರುದಿನದಿಂದ ಊರಿನ ಹಲಸೆಲ್ಲ ರಿಕ್ಷಾ ಹತ್ತಿ ಕಾಲೇಜಿಗೆ ಬಂತು. ಜಗಲಿ ತುಂಬ ಹಲಸು, ಲೈಬ್ರರಿಯಲ್ಲಿ ಹಲಸು. ಮಾಮನ ಹಳೆಯ ವಿದ್ಯಾರ್ಥಿಗಳು ಒಂದೊಂದನ್ನೇ ಮೈಕಿನ ಮುಂದಿಟ್ಟು ತಟ್ಟುವುದು, ಶಬ್ದ ಹಿಡಿಯುವುದು, ಆಮೇಲೆ ಕೊಯ್ದು ಕಾಯಿಯೋ ಹಣ್ಣೋ ಎಂದು ಗುರುತಿಸುವುದು. ಆದರೆ ಮಕ್ಕಳಲ್ವಾ? ಮೊದಮೊದಲು ಕ್ರಮವಾಗಿ ತಟ್ಟಿದರು. ಮತ್ತೆ ಘಮಘಮ ಬಂದದ್ದನ್ನು ತಟ್ಟುವ ಮೊದಲೇ ಕೊಯ್ದರು. ಒಂದು ಸಂಜೆ ಮಾಮ ಹೋಗಿ ನೋಡುವಾಗ ಮೂಲೆಯಲ್ಲಿ ಬರೀ ಹಲಸಿನ ಬೀಜದ ರಾಶಿ. ದತ್ತಾಂಶವನ್ನೇ ತಿಂದುಬಿಟ್ಟಿದ್ದರು!

ಉಳಿದಷ್ಟರಲ್ಲಿ ಯಂತ್ರ ಕಲಿತದ್ದು ಅಷ್ಟಕ್ಕಷ್ಟೇ. ಪರೀಕ್ಷೆಯ ದಿನ ಹಣ್ಣನ್ನು ತಟ್ಟಿದಾಗ "ಹಣ್ಣು" ಎಂದಿತು, ಕಾಯಿ ತಟ್ಟಿದಾಗ "ಕಾಯಿ" ಎಂದಿತು. ಎಲ್ಲರೂ ಹಿಗ್ಗುತ್ತಿರುವಾಗ ಪ್ರಿನ್ಸಿಪಾಲರು ಉತ್ಸಾಹದಲ್ಲಿ ತಮ್ಮ ಮೇಜನ್ನು ತಟ್ಟಿದರು. ಅದಕ್ಕೂ "ಹಣ್ಣು" ಎಂದಿತು! ಅಜ್ಜ ಮಾತ್ರ ಗಂಭೀರವಾಗಿ ಮೇಜು ನೋಡಿ, "ಹಲಸಿನ ಮರದ್ದೇ ಮಾಷ್ಟ್ರೇ. ನಿಮ್ಮ ಯಂತ್ರಕ್ಕೆ ಬುದ್ಧಿ ಉಂಟು" ಎಂದು ಮೊಮ್ಮಗಳನ್ನು ಸೇರಿಸಿಯೇ ಹೋದರು. ಹಲಸಿನ ಆಸೆಗೆ ಇನ್ನೂ ಕೆಲವರು ಸೇರಿದರೆಂದು ನನ್ನ ಗುಮಾನಿ. ಹೇಗೆ ಬಂದರೇನು, ಬಂದರಲ್ಲ!

ಇಷ್ಟರಲ್ಲಿ ನನ್ನ ತಂಗಿಯ ಮದುವೆ ನಿಶ್ಚಯವಾಯಿತು. ನಮ್ಮಲ್ಲಿ ಮದುವೆಗಿಂತ ಕಷ್ಟದ್ದು ಮದುವೆಯ ಹೇಳಿಕೆ. ಮನೆಮನೆಗೆ ಹೋಗಿ ಬಾಯಾರೆ ಕರೆಯಬೇಕು. ವಾಟ್ಸಾಪಿನಲ್ಲಿ ಕಾಗದ ಕಳಿಸಿದರೆ "ಊಟವನ್ನೂ ವಾಟ್ಸಾಪಿನಲ್ಲೇ ಕಳಿಸಿ" ಅನ್ನುತ್ತಾರೆ. ಬಂಟ್ವಾಳ, ಬೆಳ್ತಂಗಡಿ, ವೇಣೂರು, ಬೆಳುವಾಯಿ, ಮೂಡುಬಿದಿರೆ ಎಂದು ನೆಂಟರು ಚೆಲ್ಲಾಪಿಲ್ಲಿ. ನನ್ನ ಬಾಪ ಪ್ರತಿ ಮದುವೆಗೂ ಇಂದು ಪೂರ್ವಕ್ಕೆ, ನಾಳೆ ಪಶ್ಚಿಮಕ್ಕೆ ಎಂದು ಹದಿನೈದು ದಿನ ಕಾರು ಓಡಿಸಿ ಸೊಂಟ ಹಿಡಿದುಕೊಂಡು ಬರುವವರು.

"ಈ ಸಲ ನೀವು ಸುಮ್ಮನೆ ಕುಳಿತುಕೊಳ್ಳಿ ಭಾವ," ಎಂದರು ಮಾಮ. "ಎಲ್ಲ ಮನೆಗೂ ಹೋಗಿ ಬರುವ ಅತಿ ಸಣ್ಣ ದಾರಿ ಯಾವುದು ಅಂತ ಕಂಪ್ಯೂಟರ್ ಹೇಳ್ತದೆ. ಕೊರಿಯರಿನವರು ಹೋಗುವುದು ಹಾಗೆಯೇ."

ಹೇಳಿತು ಕೂಡ. ಬಂಟ್ವಾಳದಿಂದ ಹೊರಟು ಬೆಳ್ತಂಗಡಿ, ವೇಣೂರು, ಬೆಳುವಾಯಿ ಮುಗಿಸಿ ಕೊನೆಗೆ ಮೂಡುಬಿದಿರೆ, ಅಲ್ಲಿಂದ ಮನೆ. ಒಂದೇ ದಿನ! ಬಾಪನಿಗೆ ಖುಷಿಯೋ ಖುಷಿ. ನಾನೂ ಕಾರಿನಲ್ಲಿದ್ದೆ. ಮಧ್ಯಾಹ್ನ ಕಳೆದು ಮೂಡುಬಿದಿರೆಯ ದೊಡ್ಡ ಮಾಮಿಯ ಮನೆ ತಲುಪಿದೆವು. ದೊಡ್ಡ ಮಾಮಿ ಎಂದರೆ ಉಮ್ಮನ ತೀರಿಹೋದ ಅಣ್ಣನ ಹೆಂಡತಿ, ಇಡೀ ಕುಟುಂಬಕ್ಕೆ ಹಿರಿಯರು. ಕುಟುಂಬದ ಯಾವ ಸುದ್ದಿಯಾದರೂ ಮೊದಲು ಹೋಗುವುದು ಅವರಿಗೆ. ಹೋಗಬೇಕಾದದ್ದು ಅವರಿಗೆ!

ನಾವು ಬೆಳುವಾಯಿಯಿಂದ ಹೊರಟದ್ದೇ ತಡ, ಅಲ್ಲಿದ್ದ ದೊಡ್ಡ ಮಾಮಿಯ ತಂಗಿ ಅವರಿಗೆ ಫೋನು ಮಾಡಿದ್ದರು, "ನಿಮ್ಮಲ್ಲಿಗೆ ಹೇಳಿಕೆಗೆ ಯಾವತ್ತು ಬಂದದ್ದು?" ಎಂದು.

ದೊಡ್ಡ ಮಾಮಿ ನಗುನಗುತ್ತ ನಿಂಬೆ ಶರಬತ್ತು ಕೊಟ್ಟರು. ಆ ನಗು ಕಂಡು ಬಾಪ ಕುಡಿಯದೆ ಲೋಟ ಕೆಳಗಿಟ್ಟರು.

"ಎಲ್ಲರ ಮನೆಗೂ ಹೋಗಿ ಆಯಿತಾ?"

"ದಾರಿ ಹಾಗೆ ಬಂತು ಅತ್ತಿಗೆ," ಎಂದರು ಮಾಮ. "ಕಂಪ್ಯೂಟರ್ ಹೇಳಿದ್ದು."

"ಓ, ಹಾಗಾ? ಹಾಗಾದರೆ ಮದುವೆಗೆ ಕಂಪ್ಯೂಟರೇ ಬರಲಿ. ದೊಡ್ಡವರ ಜಾಗದಲ್ಲಿ ಕುರ್ಚಿ ಹಾಕಿ ಕೂರಿಸಿ."

ನಮ್ಮ ಮನೆ ಸೂತಕದ ಮನೆಯಾಯಿತು. ದೊಡ್ಡ ಮಾಮಿ ಬರದ ಮದುವೆ ಉಂಟೇ? ಬಾಪ ಊಟ ಬಿಟ್ಟರು, ತಂಗಿ ಅತ್ತಳು. ಮಾಮ ಲ್ಯಾಪ್‌ಟಾಪ್ ತೆಗೆದು ಅಡುಗೆಮನೆಗೆ ಹೋಗಿ ಉಮ್ಮನ ಎದುರು ಕುಳಿತರು. "ಯಾರಿಗೆ ಯಾರಿಗಿಂತ ಮೊದಲು ಹೇಳಬೇಕು, ಹೇಳು. ಆ ನಿಯಮವನ್ನೂ ಇದಕ್ಕೆ ಕಲಿಸ್ತೇನೆ. ಮರ್ಯಾದೆ ಗೊತ್ತಿಲ್ಲದ್ದು ಯಂತ್ರದ ತಪ್ಪಲ್ಲ, ನಾನು ಹೇಳಿಕೊಡಲಿಲ್ಲ."

ಉಮ್ಮ ಪತ್ತಿರಿ ತಟ್ಟುತ್ತಲೇ ಹೇಳುತ್ತ ಹೋದರು. ನಡುವೆ ಕೈ ನಿಲ್ಲಿಸಿದರು. "ಅಲ್ಲ, ಬೆಳ್ತಂಗಡಿಯವರು ಬೆಳುವಾಯಿಯವರಿಗಿಂತ ಪ್ರಾಯದಲ್ಲಿ ದೊಡ್ಡವರು. ಬೆಳುವಾಯಿಯವರು ಬಂಟ್ವಾಳದವರಿಗಿಂತ ಸಂಬಂಧದಲ್ಲಿ ದೊಡ್ಡವರು. ಬಂಟ್ವಾಳದವರು ಬೆಳ್ತಂಗಡಿಯವರಿಗೆ ಹೆಣ್ಣು ಕೊಟ್ಟವರು, ಅವರಿಗೆ ಮೊದಲು ಹೇಳಬೇಕು. ಹೀಗೆ ಸುತ್ತು ಬಂದರೆ ನಿನ್ನ ಕಂಪ್ಯೂಟರು ಎಲ್ಲಿಂದ ಹೊರಡ್ತದೆ?"

"ಹೊರಡುವುದೇ ಇಲ್ಲ!" ಮಾಮ ಕುಳಿತಲ್ಲಿಂದ ಎದ್ದೇಬಿಟ್ಟರು. ಮದುವೆ ಮುರಿಯುವ ಹೊತ್ತಿನಲ್ಲಿ ಇಷ್ಟು ಸಂತೋಷಪಟ್ಟ ಮನುಷ್ಯನನ್ನು ನಾನು ನೋಡಿಲ್ಲ! "ಇದು, ಇದು ನೋಡು ಪ್ರಶ್ನೆ! ಸುತ್ತು ಇದ್ದರೆ ಸಾಲು ಮಾಡಲಿಕ್ಕೆ ಆಗುವುದೇ ಇಲ್ಲ."

"ಹಾಗಾದರೆ ಮೂರು ಮನೆಗೂ ಒಂದೇ ಹೊತ್ತಿಗೆ ಹೋಗಿ," ಎಂದು ಉಮ್ಮ ಪತ್ತಿರಿಗೆ ತಿರುಗಿದರು.

ಹಾಗೆಯೇ ಮಾಡಿದೆವು. ಮೊದಲು ದೊಡ್ಡ ಮಾಮಿಗೆ ಹೊಸದಾಗಿ, ಏನೂ ನಡೆದೇ ಇಲ್ಲ ಎಂಬಂತೆ ಹೇಳಿಕೆ. ಮತ್ತೆ ಬಾಪ ಬೆಳ್ತಂಗಡಿಯಲ್ಲಿ, ಮಾಮ ಬೆಳುವಾಯಿಯಲ್ಲಿ, ನಾನು ಬಂಟ್ವಾಳದಲ್ಲಿ ನಿಂತು, ಫೋನಿನಲ್ಲಿ ಮಾತಾಡಿಕೊಂಡು ಒಟ್ಟಿಗೆ ಬೆಲ್ಲು ಒತ್ತಿದೆವು. ಎರಡನೇ ಸಲ ಕರೆದದ್ದರಿಂದ ಎಲ್ಲರಿಗೂ ಸಂಶಯ. ಕೊನೆಗೆ ವೇಣೂರಿಗೆ ಹೋದಾಗ ಅಲ್ಲಿಯವರಂತೂ ನನ್ನನ್ನು ಮೂಲೆಗೆ ಕರೆದು ಮೆಲ್ಲಗೆ ಕೇಳಿದರು, "ಮದುಮಗ ಬದಲಾದನಾ ಮಾರಾಯ್ತಿ?"

ದೊಡ್ಡ ಮಾಮಿ ಮದುವೆಗೆ ಬಂದರು, ದೊಡ್ಡವರ ಜಾಗದಲ್ಲಿ ಕುಳಿತರು, ಬಿರಿಯಾನಿಗೆ ಉಪ್ಪು ಕಡಿಮೆ ಎಂದರು. ಹೋಗುವಾಗ ಮಾಮನನ್ನು ಕರೆದು, "ಮರ್ಯಾದೆ ಕಲಿತ ಕಂಪ್ಯೂಟರ್ ಆದರೆ ತೊಂದರೆ ಇಲ್ಲ. ವೇಣೂರಿನಲ್ಲಿರುವ ನನ್ನ ಮಗಳ ಮಗಳನ್ನು ಕಳಿಸ್ತೇನೆ, ಸೇರಿಸಿಕೋ" ಎಂದರು. ಅದು ಹದಿನಾಲ್ಕನೆಯ ಹೆಸರು.

ಹದಿನೈದನೆಯದು ಬರಲೇ ಇಲ್ಲ. ಮಳೆ ಹಿಡಿಯಿತು. ನನ್ನ ಶಾಲೆಯೂ ಶುರುವಾಗಿ, ವಾರದ ಕೊನೆಗೆ ಮಾತ್ರ ತವರಿಗೆ ಬರುತ್ತಿದ್ದೆ. ಮಾಮ ಕೊಡೆ ಹಿಡಿದುಕೊಂಡು ಒಬ್ಬರೇ ಬಸ್ಸಿನಲ್ಲಿ ಹೋಗಿ ಮನೆ ಹತ್ತುತ್ತಿದ್ದರು. ಸೇರುತ್ತೇನೆ ಎಂದವರು ಬೇರೆ ಕಡೆ ಹೋದರು. ಒಬ್ಬಳು ಹುಡುಗಿಗೆ ಮನಸ್ಸಿತ್ತು, ಅವಳ ಅಪ್ಪನಿಗೆ ಇರಲಿಲ್ಲ. ಸೇರ್ಪಡೆಯ ಕೊನೆಯ ದಿನ ಶನಿವಾರ. ಸಂಜೆಯೊಳಗೆ ಹೆಸರು ಆಗದಿದ್ದರೆ ಕೋಣೆಗೆ ಕೇರಂ ಬೋರ್ಡು ಬರುತ್ತದೆ.

ಆ ಮಧ್ಯಾಹ್ನ ನಾನು ಮನೆಗೆ ಬರುವಾಗ ಉಮ್ಮ ಬುರ್ಖಾ ಹಾಕಿ ಬಾಗಿಲಲ್ಲಿ ನಿಂತಿದ್ದರು. "ಸ್ಕೂಟರ್ ತಿರುಗಿಸು, ಕಾಲೇಜಿಗೆ ಹೋಗುವ." ಮಾಮನಿಗೆ ಬುತ್ತಿ ಇರಬೇಕು ಎಂದುಕೊಂಡೆ. ಆಫೀಸಿನಲ್ಲಿ ಪ್ರಿನ್ಸಿಪಾಲರ ಎದುರು ಮಾಮ ಕುಳಿತಿದ್ದರು. ಅಷ್ಟು ಬಾಡಿದ ಮುಖ ನಾನು ಯಾವತ್ತೂ ಕಂಡಿರಲಿಲ್ಲ.

"ಕಂಪ್ಯೂಟರ್ ಸಯನ್ಸಿಗೆ ಒಂದು ಸೀಟು ಉಂಟಲ್ಲ?" ಎಂದರು ಉಮ್ಮ.

"ಉಂಟು," ಎಂದು ಪ್ರಿನ್ಸಿಪಾಲರು ನನ್ನನ್ನು ನೋಡಿದರು. "ಯಾರಿಗೆ?"

"ನನಗೆ."

ಮಾಮ ತಟ್ಟನೆ ಎದ್ದರು. "ನನಗೋಸ್ಕರ ನೀನು ಇದೆಲ್ಲ..."

"ನಿನಗೋಸ್ಕರ ಅಂತ ಯಾರು ಹೇಳಿದ್ದು?" ಎಂದು ಉಮ್ಮ ಅವರನ್ನು ಕೂರಿಸಿ, ಪ್ರಿನ್ಸಿಪಾಲರಿಗೆ ಹೇಳಿದರು. "ನಾನು ಹತ್ತನೇ ಪಾಸಾದ ವರ್ಷ, ಕಾಲೇಜಿಗೆ ಎರಡು ಬಸ್ಸು ಆಗ್ತದೆ ಅಂತ ನನ್ನನ್ನು ಮನೆಯಲ್ಲಿ ನಿಲ್ಲಿಸಿದರು. ಇಲ್ಲಿಗೆ ಒಂದೇ ಬಸ್ಸು ಸಾಕು."

ಪ್ರಿನ್ಸಿಪಾಲರು ಪೆನ್ನಿನ ಮುಚ್ಚಳ ತೆಗೆದರು. "ದಿನಾ ಕ್ಲಾಸಿಗೆ ಬರ್ತೀರಾ ಅಮ್ಮ, ಅಲ್ಲ ಹೆಸರಿಗೆ ಮಾತ್ರವಾ?"

"ಹೆಸರಿಗೆ ಮಾತ್ರ ಆದರೆ ಮನೆಯಲ್ಲೇ ಕೂರ್ತಿದ್ದೆ ಸರ್."

ಬರೆದುಕೊಂಡರು. ಉಮ್ಮನನ್ನು ನಿಲ್ಲಿಸಿದ ಅದೇ ಎರಡು ಬಸ್ಸಿನಲ್ಲಿ ಕೆಲವು ವರ್ಷದ ಮೇಲೆ ಮಾಮನನ್ನು ಕಳಿಸಿದ್ದರಂತೆ. ಗಂಡು ಹುಡುಗ ಅಲ್ವಾ! ಅವರಿಗೆ ಹತ್ತನೆಯವರೆಗೆ ಗಣಿತ ಹೇಳಿಕೊಟ್ಟದ್ದು ಉಮ್ಮ. ಇದೆಲ್ಲ ನನಗೆ ಆ ದಿನವೇ ತಿಳಿದದ್ದು. ರಜೆ ಪೂರ್ತಿ ಮಾಮನನ್ನು ಹೊತ್ತು ತಿರುಗುತ್ತ, ಈ ಮನುಷ್ಯನಿಗೆ ಯಾಕಿಷ್ಟು ಹಟ ಎಂದು ಗೊಣಗಿದವಳು ನಾನು. ಅಳು ಬಂತು, ಅತ್ತುಬಿಟ್ಟೆ.

ಮೊದಲ ದಿನ ಉಮ್ಮ ಚೀಲದ ಪುಸ್ತಕವನ್ನು ಮೂರು ಸಲ ತೆಗೆದು ಮತ್ತೆ ಇಟ್ಟರು. ಅರ್ಧ ದಿನ ರಜೆ ಹಾಕಿ ನಾನೇ ಕರೆದುಕೊಂಡು ಹೋಗಿ ಕ್ಲಾಸಿನ ಕಿಟಕಿಯ ಹೊರಗೆ ನಿಂತೆ. ಮಾಮ ಕುರ್ಚಿಯಲ್ಲಿ ಕುಳಿತು ಹಾಜರಿ ಕರೆಯತೊಡಗಿದರು. ಹದಿನಾಲ್ಕು ಹೆಸರು ಸರಾಗವಾಗಿ ಹೋಯಿತು. ಹದಿನೈದಕ್ಕೆ ಸ್ವರ ನಿಂತಿತು. ಹಿರಿಯರನ್ನು ಹೆಸರು ಹಿಡಿದು ಕರೆಯುವ ಕ್ರಮ ನಮ್ಮಲ್ಲಿಲ್ಲ. ಹುಟ್ಟಿದಂದಿನಿಂದ ಆ ಹೆಸರು ಮಾಮನ ಬಾಯಿಯಲ್ಲಿ ಬಂದದ್ದಿಲ್ಲ. ಮಕ್ಕಳು ಒಬ್ಬರ ಮುಖ ಒಬ್ಬರು ನೋಡಿದರು.

ಹಿಂದಿನ ಬೆಂಚಿನಿಂದ ಉಮ್ಮ ಎದ್ದು ನಿಂತರು.

"ಹಾಜರ್, ಸರ್."

ಮಾಮನೂ ಎದ್ದು ನಿಂತರು. ಮಾಷ್ಟ್ರು ಎದ್ದದ್ದು ಕಂಡು ಇಡೀ ಕ್ಲಾಸು ಎದ್ದು ನಿಂತಿತು. ಯಾರಿಗೂ ಕುಳಿತುಕೊಳ್ಳಲು ಗೊತ್ತಾಗಲಿಲ್ಲ. ಮಾಮನ ಕನ್ನಡಕ ಮಂಜಾಗಿತ್ತು.

"ಶುರು ಮಾಡಿ ಸರ್," ಎಂದರು ಉಮ್ಮ. "ತಡ ಆಗ್ತದೆ."